ಮೊದಲು ಕಿವಿ, ಆಮೇಲೆ ಸ್ಲೇಟು: ಒಂದನೇ ತರಗತಿಯಲ್ಲಿ ಧ್ವನಿ ಅರಿವು ಬೆಳೆಸುವ ಬಗೆ

ನನ್ನ ನಲಿಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಸರ್ಕಾರಿ ಶಾಲೆಯ ಪದ್ಧತಿ) ತರಗತಿಯಲ್ಲಿ ಒಬ್ಬ ಹುಡುಗನಿದ್ದ. ‘ರ, ಗ, ಸ, ದ, ಅ’ ಐದೂ ಅಕ್ಷರಗಳನ್ನು ಯಾವ ಕ್ರಮದಲ್ಲಿ ಕೇಳಿದರೂ ಗುರುತಿಸುತ್ತಿದ್ದ. ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಎತ್ತುವಷ್ಟರಲ್ಲೇ ಉತ್ತರ ಬಂದಿರುತ್ತಿತ್ತು. ಆದರೆ ಬೋರ್ಡಿನ ಮೇಲೆ ‘ಸರ’ ಎಂದು ಬರೆದು ಓದಲು ಹೇಳಿದರೆ ‘ಸ... ರ...’ ಎಂದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. “ಸೇರಿಸಿ ಹೇಳು ಮರಿ” ಅಂದರೆ ಅದನ್ನೇ ಇನ್ನಷ್ಟು ಜೋರಾಗಿ ಹೇಳುತ್ತಿದ್ದ: ‘ಸ! ರ!’

ನಾನು ಆಗ ಮಾಡಿದ್ದು ಹೆಚ್ಚಿನವರು ಮಾಡುವುದನ್ನೇ. ಇನ್ನೂ ಹತ್ತು ಸಲ ಬರೆಸಿದೆ. ಅವನಿಗೆ ಅಕ್ಷರ ಬರುತ್ತಿತ್ತು, ತೊಡಕು ಅಲ್ಲಿರಲಿಲ್ಲ ಎಂದು ತಿಳಿಯಲು ನನಗೆ ಸುಮಾರು ಒಂದು ವರ್ಷವೇ ಹಿಡಿಯಿತು. ಅಮ್ಮನ ಕೊರಳಲ್ಲಿರುವ ಸರವೂ ಬೋರ್ಡಿನ ಮೇಲಿನ ‘ಸ’ ಮತ್ತು ‘ರ’ ಕೂಡಿ ಆಗುವ ಮಾತೂ ಒಂದೇ ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ಮಾತು ಅವನ ಪಾಲಿಗೆ ಒಡೆಯದ ಇಡಿಗಟ್ಟು. ಅದನ್ನು ಬಿಡಿಸಬಹುದು, ಕೂಡಿಸಬಹುದು, ತುಂಡು ತೆಗೆದು ಬೇರೆಯದನ್ನು ಇಡಬಹುದು ಎನ್ನುವ ತಿಳಿವಳಿಕೆಯನ್ನೇ ತರಬೇತಿಗಳಲ್ಲಿ ‘ಧ್ವನಿ ಅರಿವು’ ಎನ್ನುತ್ತಾರೆ. ಇದು ಪೂರ್ತಿ ಕಿವಿ ಮತ್ತು ಬಾಯಿಯ ಕೆಲಸ. ಕಣ್ಣು ಮುಚ್ಚಿಕೊಂಡೂ ಮಾಡಬಹುದು.

ಇಂಗ್ಲಿಷಿನ ಅಳತೆ ಕನ್ನಡಕ್ಕೆ ಹೊಂದದು

ಇದರ ಬಗ್ಗೆ ಸಿಗುವ ಕೈಪಿಡಿ, ವಿಡಿಯೊಗಳಲ್ಲಿ ಬಹುಪಾಲು ಇಂಗ್ಲಿಷ್ ಓದು ಕಲಿಸುವವರಿಗೆ ಮಾಡಿದವು. ‘ಕ್ಯಾಟ್’ ಪದವನ್ನು ‘ಕ್, ಆ್ಯ, ಟ್’ ಎಂದು ಮೂರು ಬಿಡಿ ಧ್ವನಿಯಾಗಿ ಒಡೆಯುವುದು ಅಲ್ಲಿ ಶುರುವಿನಲ್ಲೇ ಬೇಕು, ಏಕೆಂದರೆ ಅವರ ಲಿಪಿಯ ಒಂದೊಂದು ಅಕ್ಷರ ಒಂದೊಂದು ಬಿಡಿ ಧ್ವನಿಗೆ ನಿಂತಿದೆ. ನಮ್ಮ ‘ಕ’ ಹಾಗಲ್ಲ. ಅದರಲ್ಲಿ ‘ಕ್’ ಮತ್ತು ‘ಅ’ ಎರಡೂ ಇವೆ. ಕನ್ನಡದ ಮಗುವಿನ ಕಿವಿಗೆ ಸಹಜವಾಗಿ ಸಿಗುವ ತುಂಡು ‘ಕ’, ‘ಕಿ’, ‘ಕೋ’ ಗಾತ್ರದ್ದು. ‘ಮರ’ವನ್ನು ‘ಮ್-ಅ-ರ್-ಅ’ ಎಂದು ಮೊದಲ ತಿಂಗಳಲ್ಲೇ ಒಡೆಸಲು ಹೋದರೆ ಮಗು ಕಂಗಾಲಾಗುತ್ತದೆ, ಕಲಿಸುವವರೂ ಆಗುತ್ತಾರೆ.

ಇದು ನನ್ನ ಅನುಭವವಷ್ಟೇ ಅಲ್ಲ. ಕನ್ನಡದ ಮಕ್ಕಳ ಓದಿನ ಬಗ್ಗೆ ಮನೋವಿಜ್ಞಾನಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಅಕ್ಷರದ ಗಾತ್ರದ ಅರಿವು ಬೇಗ ಬರುತ್ತದೆ, ಬಿಡಿ ಧ್ವನಿಯ ಅರಿವು ನಿಧಾನ, ಅಕ್ಷರ ಕಲಿಕೆಯೂ ನಾಲ್ಕನೇ ತರಗತಿಯಾಚೆಗೆ ಚಾಚುತ್ತದೆ. ನಿಧಾನವಾಗದೆ ಇನ್ನೇನು? 34 ವ್ಯಂಜನಗಳಿಗೆ ತಲಾ 15 ರೂಪದ ಕಾಗುಣಿತ ಎಂದರೇ 510 ಆಯಿತು. ಒತ್ತಕ್ಷರಗಳ ಲೆಕ್ಕ ಇನ್ನೂ ಹಿಡಿದಿಲ್ಲ.

ಹಾಗಾಗಿ ಕೆಳಗಿನ ಕ್ರಮದಲ್ಲಿ ಅಕ್ಷರದ ಗಾತ್ರದ ಆಟಗಳು ಮೊದಲು ಬರುತ್ತವೆ. ಬಿಡಿ ಧ್ವನಿ ಕಾಗುಣಿತದ ಜೊತೆಗೇ ಬರುತ್ತದೆ, ಅದಕ್ಕೆ ಮುಂಚೆ ಅಲ್ಲ.

ದಿನಕ್ಕೆ ಹತ್ತು ನಿಮಿಷ ಸಾಕು. ಪ್ರಾರ್ಥನೆ ಮುಗಿದು ಮಕ್ಕಳು ಗುಂಪು ತಟ್ಟೆಗಳಿಗೆ, ಅಂದರೆ ತಮ್ಮ ತಮ್ಮ ಕಲಿಕೆಯ ಗುಂಪುಗಳಿಗೆ, ಚದುರುವ ಮುಂಚೆ ಎಲ್ಲರನ್ನೂ ದುಂಡಗೆ ಕೂರಿಸಿ ಮಾಡಿ. ಬೇಕಾದ ಸಾಮಾನು ಒಂದು ಹಿಡಿ ಹುಣಸೆ ಬೀಜ. ಸ್ಲೇಟು, ಪುಸ್ತಕ, ಬೋರ್ಡು ಈ ಹತ್ತು ನಿಮಿಷದಲ್ಲಿ ಬೇಡ.

ಒಂದನೇ ಹೆಜ್ಜೆ: ಮಾತಿನಲ್ಲಿ ಪದ ಎಷ್ಟು

“ಅಜ್ಜಿ ಸಂತೆಗೆ ಹೋದರು” ಎನ್ನಿ. ಒಂದೊಂದು ಪದಕ್ಕೆ ಒಂದೊಂದು ಹುಣಸೆ ಬೀಜ ಇಡಿಸಿ. ಒಂದು ವಾರಕ್ಕಿಂತ ಹೆಚ್ಚು ಇದರಲ್ಲಿ ನಿಲ್ಲಬೇಡಿ. ಕನ್ನಡದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ‘ಮನೆಗೆ ಹೋಗುತ್ತೇನೆ’ ಎನ್ನುವುದು ಮಗುವಿನ ಬಾಯಲ್ಲಿ ‘ಮನೇಗೋಯ್ತೀನಿ’, ಅಲ್ಲಿ ಬೀಜ ಒಂದೇ. ಅದು ತಪ್ಪಲ್ಲ. ವ್ಯಾಕರಣದ ಚರ್ಚೆಗೆ ಇಳಿಯದೆ ಮುಂದಕ್ಕೆ ಹೋಗಿ.

ಎರಡನೇ ಹೆಜ್ಜೆ: ಚಪ್ಪಾಳೆ ತಟ್ಟಿ ಒಡೆಯುವುದು

ಮಕ್ಕಳ ಹೆಸರುಗಳಿಂದಲೇ ಶುರು ಮಾಡಿ. ತಮ್ಮ ಹೆಸರು ಎಷ್ಟು ಚಪ್ಪಾಳೆಯದು ಎನ್ನುವುದು ಆರು ವರ್ಷದ ಮಗುವಿಗೆ ಭಾರೀ ಗಂಭೀರ ವಿಷಯ. ನಾಲ್ಕು ಚಪ್ಪಾಳೆಯ ಹೆಸರಿನವರು ಎರಡು ಚಪ್ಪಾಳೆಯವರನ್ನು ಒಂದು ವಾರ ಕೆಳಗೆ ನೋಡುತ್ತಾರೆ. ಆಮೇಲೆ ತರಕಾರಿ, ಪ್ರಾಣಿ, ಊರು. ಮರ ಎರಡು, ಕಮಲ ಮೂರು, ಅವಲಕ್ಕಿ ನಾಲ್ಕು, ಚಿತ್ರದುರ್ಗ ನಾಲ್ಕು.

ಇಲ್ಲಿ ಮೂರು ಕಡೆ ಎಡವುತ್ತೀರಿ, ಮೊದಲೇ ಹೇಳಿಬಿಡುತ್ತೇನೆ.

ಒಂದು, ಮಗು ‘ಕುದುರೆ’ಗೆ ಎರಡೇ ಚಪ್ಪಾಳೆ ತಟ್ಟುತ್ತದೆ. ಏಕೆಂದರೆ ಅದು ಹೇಳುವುದು ‘ಕುದ್ರೆ’. ‘ಹುಡುಗ’ ಕೂಡ ‘ಹುಡ್ಗ’. ಮಗು ಸರಿಯಾಗಿಯೇ ಕೇಳಿಸಿಕೊಂಡಿದೆ. “ಮನೇಲಿ ಕುದ್ರೆ ಅಂತೀವಿ, ಪುಸ್ತಕದಲ್ಲಿ ಕು-ದು-ರೆ ಅಂತ ಇರುತ್ತೆ, ಎರಡನ್ನೂ ತಟ್ಟೋಣ” ಎಂದರೆ ಸಾಕು. ಧಾರವಾಡ, ವಿಜಯಪುರದ ಕಡೆ ‘ಮನಿ’, ‘ಎಲಿ’ ಎನ್ನುವ ಮಕ್ಕಳಿಗೂ ಇದೇ ಮಾತು. ಮನೆಯ ಮಾತನ್ನು ತಪ್ಪು ಎಂದ ದಿನದಿಂದ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ.

ಎರಡು, ಒತ್ತಕ್ಷರ. ‘ಅಕ್ಕ’ ಪದವನ್ನು ಯಾವ ಮಗುವೂ ‘ಅ-ಕ್ಕ’ ಎಂದು ಒಡೆಯುವುದಿಲ್ಲ, ‘ಅಕ್-ಕ’ ಎಂದೇ ಒಡೆಯುತ್ತದೆ. ಕಿವಿಯ ಪ್ರಕಾರ ಅದೇ ಸರಿ. ನಮ್ಮ ಲಿಪಿ ಮಾತ್ರ ಆ ‘ಕ್’ ಅನ್ನು ಮುಂದಿನ ಅಕ್ಷರಕ್ಕೆ ಸೇರಿಸಿ ಬರೆಯುತ್ತದೆ. ಚಪ್ಪಾಳೆಯ ಎಣಿಕೆ ಎರಡೂ ರೀತಿಯಲ್ಲಿ ಎರಡೇ, ಎಲ್ಲಿ ಒಡೆಯಿತು ಎಂಬುದಷ್ಟೇ ಬೇರೆ. ಈ ಹಂತದಲ್ಲಿ ತಿದ್ದಬೇಡಿ. ‘ಕಂಬ’ವನ್ನು ‘ಕಮ್-ಬ’ ಎಂದು, ‘ಸತ್ಯ’ವನ್ನು ‘ಸತ್-ಯ’ ಎಂದು ಒಡೆದರೂ ಬಿಡಿ.

ಮೂರು, ‘ಬಸ್’. ಇದಕ್ಕೆ ಒಂದೇ ಚಪ್ಪಾಳೆ, ಆದರೆ ‘ಬಸ್ಸು’ ಎಂದರೆ ಎರಡು. ಮಕ್ಕಳೇ ಇದನ್ನು ಕಂಡುಹಿಡಿದು ಜಗಳಕ್ಕೆ ಬಿದ್ದಾಗ ಖುಷಿಪಡಿ. ‘ಪೆನ್-ಪೆನ್ನು’, ‘ಕಪ್-ಕಪ್ಪು’ ಎಂದು ಜಗಳಕ್ಕೆ ಇನ್ನಷ್ಟು ಸೌದೆ ಹಾಕಿ. ಮುಂದೆ ಬಿಡಿ ಧ್ವನಿಗೆ ಬಂದಾಗ ಇದೇ ನೆರವಿಗೆ ಬರುತ್ತದೆ.

ಮೂರನೇ ಹೆಜ್ಜೆ: ಕೂಡಿಸುವುದು

‘ಸ... ರ...’ ಹುಡುಗನಿಗೆ ಬೇಕಿದ್ದದ್ದು ಇದು. ಓದಿಗೆ ನೇರವಾಗಿ ಬೇಕಾದದ್ದೂ ಇದೇ. ಗೊಂಬೆಯೊಂದನ್ನು ಹಿಡಿದು, ಇಲ್ಲವೇ ಬರೀ ಕೈಯನ್ನೇ ಗೊಂಬೆ ಮಾಡಿ, “ಈ ಗಿಳಿ ನಿಧಾನಕ್ಕೆ ಮಾತಾಡುತ್ತೆ, ಏನು ಹೇಳ್ತಿದೆ ಹೇಳಿ” ಎನ್ನಿ. ಗಿಳಿ ‘ಮೊ... ಲ’ ಎನ್ನುತ್ತದೆ. ಮಕ್ಕಳು ‘ಮೊಲ!’ ಎನ್ನಬೇಕು. ಮೊದಲು ಎರಡು ಅಕ್ಷರದ ಪದ, ಚಿಕ್ಕ ವಿರಾಮ. ಮೂರು ನಾಲ್ಕು ದಿನವಾದ ಮೇಲೆ ವಿರಾಮ ಹಿಗ್ಗಿಸಿ, ಪದ ಉದ್ದ ಮಾಡಿ: ‘ಗ... ರ... ಗ... ಸ’. ತಿಳಿಯದ ಮಗುವಿಗೆ ಉತ್ತರ ಹೇಳಿಕೊಡುವ ಬದಲು ವಿರಾಮ ಕಡಿಮೆ ಮಾಡಿ ಮತ್ತೊಮ್ಮೆ ಹೇಳಿ.

ಇದು ಗಟ್ಟಿಯಾದ ಮೇಲೆ ಅಕ್ಷರ ಹಿಡಿಯಿರಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ ಇಂದ ಆರಂಭಿಸುವುದರ ಅನುಕೂಲ ಆಗ ಕಾಣುತ್ತದೆ. ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ, ಗದಗ ಎಲ್ಲ ಹುಟ್ಟುತ್ತವೆ. ಅದೇ ‘ಅ ಆ ಇ ಈ ಉ’ ಕಲಿತ ಮಗುವಿಗೆ ಕೂಡಿಸಲು ಏನಿದೆ?

ನಾಲ್ಕನೇ ಹೆಜ್ಜೆ: ಮೊದಲ ಸದ್ದು, ಕೊನೆಯ ಸದ್ದು, ಪ್ರಾಸ

“‘ಬ’ದಿಂದ ಶುರುವಾಗುವುದು ಯಾವುದು? ಬಳೆ, ಮೊಲ, ಬಸವ.” ಇಷ್ಟೇ ಆಟ. ನಂತರ ಪದಬಂಡಿ: ‘ಸರ’ದ ಕೊನೆಯ ‘ರ’ದಿಂದ ‘ರಜ’, ಅದರ ‘ಜ’ದಿಂದ ‘ಜಗ’, ಹಾಗೇ ‘ಗದೆ’. ಅಂತ್ಯಾಕ್ಷರಿ ಗೊತ್ತಿರುವ ಮಕ್ಕಳಿಗೆ ಇದನ್ನು ಹೇಳಿಕೊಡುವುದೇ ಬೇಡ.

‘ಎಲೆ’ಯ ಮೊದಲ ಸದ್ದು ಕೇಳಿದರೆ ಮಕ್ಕಳು ‘ಯೆ’ ಎನ್ನುತ್ತಾರೆ, ‘ಒಂದು’ ಕೇಳಿದರೆ ‘ವೊ’. ನಾವೂ ಹಾಗೇ ಉಚ್ಚರಿಸುತ್ತೇವೆ, ನಮಗೆ ಕಾಣಿಸದಿರುವುದು ಬರೆದು ರೂಢಿಯಾಗಿರುವುದರಿಂದ. ಎ, ಏ, ಒ, ಓ ಇಂದ ಶುರುವಾಗುವ ಪದಗಳನ್ನು ಮೊದಲ ಕೆಲವು ವಾರ ಈ ಆಟದಿಂದ ದೂರವಿಡಿ. ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ‘ಹ’ ಕೂಡ ಇದೇ ಪಟ್ಟಿಗೆ ಸೇರುತ್ತದೆ, ಅಲ್ಲಿ ಹಾಲು ‘ಆಲು’, ಹಣ್ಣು ‘ಅಣ್ಣು’.

ಪ್ರಾಸದಲ್ಲಿ ಕನ್ನಡಕ್ಕೆ ತನ್ನದೇ ದಾರಿ ಇದೆ. ನಮ್ಮ ಪದಗಳು ಹೆಚ್ಚಾಗಿ ಎ, ಇ, ಉ, ಅ ಸ್ವರಗಳಲ್ಲೇ ಮುಗಿಯುವುದರಿಂದ ‘ಕೊನೆ ಒಂದೇ ಥರ ಇರೋ ಪದ ಹೇಳಿ’ ಎಂದರೆ ‘ಮನೆ’ಗೆ ‘ಕೆರೆ’ಯೂ ನಡೆಯುತ್ತದೆ, ಕಿವಿಗೆ ಕೆಲಸವೇ ಇಲ್ಲ. ಹಳಗನ್ನಡದ ಕವಿಗಳು ಸಾಲಿನ ಎರಡನೇ ಅಕ್ಷರದ ವ್ಯಂಜನ ಹೊಂದಿಸುವ ಆದಿಪ್ರಾಸವನ್ನು ಪಾಲಿಸಿದರು. ಎರಡಕ್ಷರದ ಪದಗಳಲ್ಲಿ ಅದನ್ನೇ ಮಕ್ಕಳಿಗೆ ಕೊಡಿ: ಮಳೆ, ಬಳೆ, ಕಳೆ, ಹೊಳೆ, ಕೊಳೆ, ಬೆಳೆ. ‘ಮನೆ’ ಬಂದರೆ ತಡೆದು ಕೇಳಿ, “ಳೆ ಎಲ್ಲಿ?” ಅರ್ಥವಿಲ್ಲದ ‘ಟಳೆ’, ‘ಪಳೆ’ ಬಂದರೂ ಒಪ್ಪಿಕೊಳ್ಳಿ. ಅರ್ಥವಿಲ್ಲದ್ದನ್ನು ಕಟ್ಟುವ ಮಗು ಸದ್ದನ್ನೇ ಕೇಳುತ್ತಿದೆ ಎಂದರ್ಥ.

ಐದನೇ ಹೆಜ್ಜೆ: ತೆಗೆಯುವುದು, ತಿರುಗಿಸುವುದು, ಬದಲಿಸುವುದು

‘ನಗರ’ದಲ್ಲಿ ‘ರ’ ತೆಗೆದರೆ ನಗ. ‘ನ’ ತೆಗೆದರೆ ಗರ. ನಡುವಿನ ‘ಗ’ ತೆಗೆದರೆ ನರ. ನಡುವಿನದು ಎಲ್ಲಕ್ಕಿಂತ ಕಷ್ಟ, ಅದನ್ನು ಕೊನೆಗೆ ಇಡಿ. ಮೂರು ಮಕ್ಕಳನ್ನು ನಿಲ್ಲಿಸಿ ಒಬ್ಬೊಬ್ಬರನ್ನು ಒಂದೊಂದು ಅಕ್ಷರ ಮಾಡಿ, ಒಬ್ಬರನ್ನು ಕೂರಿಸಿದರೆ ಉಳಿದದ್ದು ಕಣ್ಣಿಗೂ ಕಾಣುತ್ತದೆ.

ತಿರುಗಿಸುವುದಕ್ಕೆ ಸರ-ರಸ, ಗಜ-ಜಗ, ನದಿ-ದಿನ ಒಳ್ಳೆಯವು. ‘ಮರಾ ಮರಾ’ ಎನ್ನುತ್ತಾ ಹೋದ ವಾಲ್ಮೀಕಿಯ ಬಾಯಲ್ಲಿ ‘ರಾಮ’ ಬಂದ ಕಥೆಯನ್ನು ಇಲ್ಲಿ ಹೇಳಿ, ಎಲ್ಲರೂ ಒಟ್ಟಿಗೆ ಜಪಿಸಿ ನೋಡಲಿ. ‘ಗದಗ’, ‘ಕನಕ’, ‘ಜಲಜ’ ತಿರುಗಿಸಿದರೂ ಬದಲಾಗದೆ ಉಳಿದಾಗ ತರಗತಿಯಲ್ಲಿ ಏಳುವ ಗದ್ದಲವನ್ನು ಪಕ್ಕದ ಕೊಠಡಿಯ ಮೇಷ್ಟ್ರು ಸಹಿಸಿಕೊಳ್ಳಬೇಕು.

ಬದಲಿಸುವುದಕ್ಕೆ ಮಾತ್ರ ನೀವು ಏನನ್ನೂ ಕಲಿಸಬೇಕಿಲ್ಲ. ಮನೆ ಗಿನೆ, ಹಾಲು ಗೀಲು, ಪುಸ್ತಕ ಗಿಸ್ತಕ, ಊಟ ಗೀಟ. ಶಾಲೆಗೆ ಬರುವ ಮೊದಲೇ ಮಗುವಿಗೆ ಇದು ಬರುತ್ತದೆ. ಇದರೊಳಗೆ ಏನು ನಡೆಯುತ್ತಿದೆ ನೋಡಿ: ಪದದ ಮೊದಲ ತುಂಡನ್ನು ಕಿತ್ತು ‘ಗಿ’ ಇಡಬೇಕು, ಆ ತುಂಡು ದೀರ್ಘವಾಗಿದ್ದರೆ ‘ಗೀ’ ಇಡಬೇಕು. ಹಾಲಿಗೆ ‘ಗಿಲು’ ಎನ್ನುವ ಮಗುವನ್ನು ನಾನು ಈವರೆಗೆ ಕಂಡಿಲ್ಲ. ಒಂದು ಮಗು ಪದ ಹೇಳುವುದು, ಪಕ್ಕದ್ದು ‘ಗಿ’ ಜೋಡಿ ಹೇಳುವುದು, ಹೀಗೆ ಸುತ್ತು ಹೋಗಲಿ. ಯಾರಾದರೂ ‘ಗಿಳಿ’ ಎಂದು ಸಿಕ್ಕಿಸಿದರೆ ಏನು ಮಾಡುವುದು ಎಂದು ಅವರೇ ತೀರ್ಮಾನಿಸಲಿ. ಈ ‘ಗಿ’ಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರವಣಿಗೆಯಲ್ಲಿ ಬೇಕಾಗುತ್ತದೆ.

ಆರನೇ ಹೆಜ್ಜೆ: ಕಾಗುಣಿತದೊಳಗಿನ ಬಿಡಿ ಧ್ವನಿ

ಕಾಗುಣಿತವನ್ನು ‘ಕ ಕಾ ಕಿ ಕೀ’ ಎಂದು ರಾಗವಾಗಿ ಹಾಡಿಸಿದರೆ ಬಾಯಿಪಾಠ ಬರುತ್ತದೆ. ನಡುವೆ ತಡೆದು ‘ಕೆ’ ಯಾವುದು ಎಂದರೆ ಮಗು ಮತ್ತೆ ಮೊದಲಿನಿಂದ ಹಾಡಿಕೊಂಡು ಬರುತ್ತದೆ. ಸಾಲಿನ ಬದಲು ಕಂಬ ಹಿಡಿಯಿರಿ: ರಿ, ಗಿ, ಸಿ, ದಿ. ಪ್ರತಿಯೊಂದನ್ನೂ ಎಳೆಯಿರಿ, ‘ರಿಇಇಇ’, ‘ಗಿಇಇಇ’. “ಎಳೆದಾಗ ಉಳಿಯುವುದು ಏನು?” ಎಲ್ಲರ ಬಾಯಲ್ಲೂ ‘ಇ’. ತುಟಿಯ ಆಕಾರವನ್ನು ಪಕ್ಕದವರ ಮುಖದಲ್ಲಿ ನೋಡಲು ಹೇಳಿ. ‘ಇ’ಗೆ ತುಟಿ ಅಗಲ, ‘ಉ’ಗೆ ದುಂಡು. ‘ಗುಡಿಸು, ಕೊಂಬು’ ಎಂಬ ಚಿಹ್ನೆಗಳ ಹೆಸರು ಬರಬೇಕಾದ್ದು ಇದಾದ ಮೇಲೆ.

ಆಮೇಲೆ ಸ್ವರ ಬದಲಿಸುವ ಆಟ. ಕಡಿ, ಕುಡಿ, ಕೊಡಿ. ಮಡಿ, ಮಿಡಿ, ಮುಡಿ. ಸ್ವರ ಒಂದು ಬದಲಾದರೆ ಕೆಲಸವೇ ಬದಲಾಗುತ್ತದೆ, ಅಭಿನಯಕ್ಕೂ ಒದಗುತ್ತದೆ.

ಈಗ ವ್ಯಂಜನ ಕೀಳುವುದು. ‘ಮೂರು’ ಪದದ ‘ಮ್’ ತೆಗೆದರೆ ಊರು. ‘ಕಾಡು’ ಪದದ ‘ಕ್’ ತೆಗೆದರೆ ಆಡು. ‘ಕುರಿ’ಯಿಂದ ಉರಿ. ಇಡೀ ‘ಮೂ’ ಹಾರಿಹೋಗಿ ‘ರು’ ಮಾತ್ರ ಉಳಿಯುತ್ತದೆ ಎಂದು ಹೆಚ್ಚಿನ ಮಕ್ಕಳು ಮೊದಲು ಹೇಳುತ್ತಾರೆ. ಅಕ್ಷರದ ಗಾತ್ರಕ್ಕೆ ಪಳಗಿದ ಕಿವಿಗೆ ಅದೇ ಸಹಜ. ಆಗ ‘ಹಾಲು-ಆಲು’ ಜೋಡಿ ಮುಂದಿಡಿ. ಅಜ್ಜಿ ‘ಆಲು’ ಎಂದಾಗ ಏನು ಬಿಟ್ಟುಹೋಯಿತು ಎಂದು ಕೇಳಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ. ‘ಬಸ್ಸು’ ಪದದ ಕೊನೆಯ ‘ಉ’ ತೆಗೆದರೆ ‘ಬಸ್’ ಎಂಬ ಹಳೆಯ ಜಗಳವನ್ನೂ ಈಗ ನೆನಪಿಸಿ. ಮೊದಲ ವರ್ಷವೇ ಎಲ್ಲರಿಗೂ ಇದು ಬರಬೇಕೆಂದು ಪಟ್ಟು ಹಿಡಿಯಬೇಡಿ. ಎರಡನೇ ತರಗತಿಯಲ್ಲಿ ಬಂದರೂ ತಡವಲ್ಲ.

ಏಳನೇ ಹೆಜ್ಜೆ: ದೀರ್ಘ, ಒತ್ತು, ಮತ್ತು ಒಂದೇ ಥರ ಕೇಳುವ ಸದ್ದುಗಳು

ಉಕ್ತಲೇಖನದ ತಪ್ಪುಗಳಲ್ಲಿ ದೊಡ್ಡ ಪಾಲು ಇಲ್ಲಿಯವು. ‘ಬೇಳೆ’ಗೆ ‘ಬೆಳೆ’, ‘ಕತ್ತೆ’ಗೆ ‘ಕತೆ’, ‘ಬಳ್ಳಿ’ಗೆ ‘ಬಳಿ’. ಕೆಂಪು ಶಾಯಿಯಲ್ಲಿ ತಿದ್ದಿ ಹತ್ತು ಸಲ ಬರೆಸಿದರೆ ಆ ಒಂದು ಪದ ಸರಿಹೋಗಬಹುದು. ಬದಲಿಗೆ ‘ಗಿ’ ಕೇಳಿ. “ಬೇಳೆ ಏನು?” “ಗೀಳೆ.” “ಹಾಗಾದರೆ ನೀನು ಬರೆದಿರೋದು?” “ಬೆಳೆ ಗಿಳೆ... ಅಯ್ಯೋ!” ಒತ್ತಿಗೂ ಇದು ನಡೆಯುತ್ತದೆ: ಕತೆ ಗಿತೆ, ಕತ್ತೆ ಗಿತ್ತೆ. ಮಗು ತನ್ನ ತಪ್ಪನ್ನು ತನ್ನ ಕಿವಿಯಿಂದಲೇ ಹಿಡಿಯಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಒತ್ತಕ್ಷರ ಬರೆಸುವಾಗ ಎರಡನೇ ಹೆಜ್ಜೆಯಲ್ಲಿ ತಿದ್ದದೆ ಬಿಟ್ಟದ್ದನ್ನು ಎತ್ತಿಕೊಳ್ಳಿ. “ನಾವು ಅಕ್-ಕ ಅಂತ ತಟ್ಟಿದ್ವಿ. ಬರೆಯುವಾಗ ಈ ‘ಕ್’ ಮುಂದಿನ ‘ಕ’ದ ಜೊತೆ ಹೋಗಿ ಕೂರುತ್ತೆ.” ಅರ್ಕಾವತ್ತು ಇನ್ನೂ ತರಲೆ. ‘ಕರ್ಣ’ದಲ್ಲಿ ಕಿವಿಗೆ ‘ರ್’ ಮೊದಲು ಬೀಳುತ್ತದೆ, ಕೈ ಮಾತ್ರ ‘ಣ’ ಮೊದಲು ಬರೆದು ಆಮೇಲೆ ‘ರ್’ ಗುರುತು ಹಾಕಬೇಕು. ಇಲ್ಲಿ ತಪ್ಪುವ ಮಗುವಿನ ಕಿವಿ ಚೆನ್ನಾಗಿದೆ ಎಂದೇ ತಿಳಿಯಿರಿ, ಲಿಪಿಯ ಕಟ್ಟಳೆಯನ್ನು ಹೇಳಿಕೊಟ್ಟರಾಯಿತು.

ಲ-ಳ, ನ-ಣ, ತ-ಟ ಜೋಡಿಗಳಿಗೆ ಅರ್ಥವೇ ನೆರವು. ಹುಲಿ-ಹುಳಿ, ಬಲೆ-ಬಳೆ, ಮನೆ-ಮಣೆ, ಹತ್ತಿ-ಹಟ್ಟಿ. ಎರಡು ಚಿತ್ರ ಇಟ್ಟು ಒಂದನ್ನು ಹೇಳಿ, ಮಗು ಮುಟ್ಟಿ ತೋರಿಸಲಿ. “ಸಾರಿಗೆ ಹುಲಿ ಹಾಕಿದರು” ಎಂದರೆ ನಗು ಬರಬೇಕು. ನಗು ಬಾರದಿದ್ದರೆ ಆ ಮಗುವಿಗೆ ವ್ಯತ್ಯಾಸ ಕೇಳಿಸಿಲ್ಲ. ಮಹಾಪ್ರಾಣಗಳನ್ನು ಕಿವಿಯಿಂದ ಕಲಿಸುವ ಹಟ ಬೇಡ. ದಿನದ ಮಾತಿನಲ್ಲಿ ‘ಧನ’ವನ್ನೂ ‘ದನ’ವನ್ನೂ ನಾವೇ ಬೇರೆ ಮಾಡಿ ಹೇಳುವುದು ಕಡಿಮೆ. ಅವು ಕಣ್ಣಿನಿಂದ, ಓದಿ ಓದಿ ಬರುತ್ತವೆ.

ಬಂದಿದೆಯೇ ಎಂದು ನೋಡುವುದು

ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಪಕ್ಕದವರ ಕೈ ನೋಡಿಕೊಂಡು. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರನ್ನೇ ಕರೆದು ಎರಡು ನಿಮಿಷ ಕೇಳಿ. ಒಡೆಯಲು ಒಂದು ಪದ, ಕೂಡಿಸಲು ಎರಡು, ತೆಗೆಯಲು ಒಂದು, ಪ್ರಾಸಕ್ಕೆ ಒಂದು. ಐದಕ್ಕೆ ನಾಲ್ಕು ಬಂದರೆ ಮುಂದಿನ ಹೆಜ್ಜೆಗೆ ಬಿಡಬಹುದು. ಅಂಕ ಕೊಡಬೇಡಿ, ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಒಂದು ಗೆರೆ ಸಾಕು. ತರಗತಿಯಲ್ಲಿ ಕೇಳದ ಪದಗಳನ್ನೇ ಕೇಳಿ, ಇಲ್ಲದಿದ್ದರೆ ನೆನಪಿನ ಪರೀಕ್ಷೆಯಾಗುತ್ತದೆ.

ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಆಡುವ ಮಕ್ಕಳಿಗೆ ಒಡೆಯುವ, ಕೂಡಿಸುವ ಆಟಗಳನ್ನು ಅವರ ಮನೆಮಾತಿನ ಪದಗಳಲ್ಲೇ ಶುರು ಮಾಡಿಸಿ. ನಿಮಗೆ ಆ ಭಾಷೆ ಬರಬೇಕೆಂದೇನಿಲ್ಲ, ಮಗು ಹೇಳಿದ್ದಕ್ಕೆ ನೀವೂ ಚಪ್ಪಾಳೆ ತಟ್ಟಿದರಾಯಿತು. ಒಂದು ಭಾಷೆಯಲ್ಲಿ ಮಾತನ್ನು ಒಡೆಯಲು ಕಲಿತ ಕಿವಿ ಇನ್ನೊಂದರಲ್ಲೂ ಒಡೆಯುತ್ತದೆ. ಕನ್ನಡದ ಪದಗಳ ಅರ್ಥ ಮಾತ್ರ ಬೇರೆಯಾಗಿ ಕಲಿಸಬೇಕು. ‘ಹುಲಿ-ಹುಳಿ’ಯ ತಮಾಷೆ ಎರಡೂ ಗೊತ್ತಿದ್ದವರಿಗಷ್ಟೇ ತಮಾಷೆ.

ಎರಡು ಮೂರು ತಿಂಗಳ ನಂತರವೂ ಒಂದು ಮಗು ಚಪ್ಪಾಳೆಯ ಹಂತದಲ್ಲೇ ನಿಂತಿದ್ದರೆ, ಕರೆದಾಗ ತಿರುಗದಿದ್ದರೆ, ಕಿವಿ ಸೋರುತ್ತಿದ್ದರೆ, ಇನ್ನಷ್ಟು ಆಟ ಆಡಿಸುತ್ತಾ ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಮಗುವಿನ ಹೆಸರನ್ನು ನೀವೇ ಮುಂದಾಗಿ ಹೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ, ಮಾತು, ಭಾಷೆ ಮೂರರ ಪರೀಕ್ಷೆಯೂ ನಡೆಯುತ್ತದೆ. ಅದಕ್ಕೂ ಮೊದಲು, ನಾಳೆಯೇ ಮಾಡಬಹುದಾದ ಕೆಲಸವೊಂದಿದೆ: ಮಗುವನ್ನು ಹಿಂದಿನ ಸಾಲಿನಿಂದ ಎಬ್ಬಿಸಿ, ನಿಮ್ಮ ಬಾಯಿ ಕಾಣುವಂತೆ ಎದುರಿಗೆ ಕೂರಿಸಿಕೊಳ್ಳಿ.